ಎಡಹುರಿ

ಬೂದಿ ಸವರಿದ ಬೆರಳಿಗೆ ನೂಲಿನ ಗಂಜಿ ತಾಗಿದಾಗ ಒಂದು ವಾಸನೆ ಏಳುತ್ತದೆ. ಸುಟ್ಟ ಕುಳ್ಳು, ಹುಳಿತ ಅಂಬಲಿ, ಅದರ ಮೇಲೆ ಒಂದಿಷ್ಟು ಬಣ್ಣದ ಕಟು. ಇಳಕಲ್ಲಿನ ಮನೆಯ ಕುಣಿಮಗ್ಗದ ಕೋಣೆಯಲ್ಲಿ ಫರಹಾನಾ ಆ ವಾಸನೆಯೊಳಗೇ ಕೂತು ಅ ಆ ಇ ಈ ತಿದ್ದಿದವಳು. ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸು ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಕೂಡಿಸಬೇಕು, ಒಂದಲ್ಲ ಎರಡಲ್ಲ, ಸಾವಿರಾರು ಎಳೆ. ಅಪ್ಪನ ತಾಯಿ, ಅವಳ ದಾದಿ ದೌಲತಬಿ ಗೋಡೆಗೆ ಬೆನ್ನು ಕೊಟ್ಟು ಕೂತು, ಬೂದಿಯ ಬಟ್ಟಲಿಗೆ ಬೆರಳು ಮುಟ್ಟಿಸಿ, ಎರಡು ತುದಿಗಳನ್ನು ಹೆಬ್ಬೆರಳಿನ ಕೆಳಗೆ ಒಮ್ಮೆ ಉರುಳಿಸಿದಳೆಂದರೆ ಅವು ಹುಟ್ಟಿನಿಂದ ಒಂದೇ ಎಳೆಯಾಗಿದ್ದವೇನೋ ಅನ್ನುವ ಹಾಗೆ ಕೂಡಿಕೊಳ್ಳುತ್ತಿದ್ದವು. ಏಳು ವರ್ಷದ ಫರಹಾನಾ ಎದುರಿಗೆ ಕೂತು ಅದನ್ನೇ ಮಾಡುತ್ತಿದ್ದಳು. ಅವಳ ಎಳೆ ಬಿಚ್ಚಿಕೊಂಡರೆ ದಾದಿ ಬೈಯುತ್ತಿರಲಿಲ್ಲ, ಮೊಮ್ಮಗಳು ನೀರು ಕುಡಿಯಲು ಎದ್ದಾಗ ಅವನ್ನು ತಾನೇ ಸದ್ದಿಲ್ಲದೆ ಕೂಡಿಸಿಡುತ್ತಿದ್ದಳು. ಈಗ ಬಾಗಲಕೋಟೆಯ ದವಾಖಾನೆಯ ಹಿಂದಿನ ಕಟ್ಟೆಯ ಮೇಲೆ, ರವಿವಾರದ ಎಳೆ ಬಿಸಿಲಿನಲ್ಲಿ, ವಾರ್ಡಿನ ಆಯಾ ಬಾನುಬಿಯ ಹೊಸ ಸೀರೆಯ ಸೆರಗಿಗೆ ಗೊಂಡೆ ಹೊಸೆಯುತ್ತ ಕೂತಾಗ ಆ ವಾಸನೆ ಮೂಗಿಗೆ ಬಂದದ್ದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಇಲ್ಲಿ ಬೂದಿ ಇರಲಿಲ್ಲ. ಫಿನಾಯಿಲಿನ ಘಾಟು, ದೂರದ ಕ್ಯಾಂಟೀನಿನ ಒಗ್ಗರಣೆ, ಅಷ್ಟೇ. ಬಾನುಬಿ ಸೀರೆಯ ಇನ್ನೊಂದು ತುದಿ ಹಿಡಿದು ತಾನೂ ಹೊಸೆಯುತ್ತಿದ್ದವಳು ಫರಹಾನಾಳ ಬೆರಳನ್ನೇ ನೋಡಿ ನಕ್ಕಳು. “ಬೇಟಾ, ನೀ ಹೊಳ್ಳಿ ಹೊಸಿತಿಯಲ್ಲ. ಲೋಕೆಲ್ಲಾ ಈ ಕಡೆ, ನೀ ಆ ಕಡೆ.”

ದಾದಿ ಎಡಚಿ ಎಂದು ಫರಹಾನಾ ಹೇಳಿದಳು. ಬರೆಯುವುದು, ಉಣ್ಣುವುದು ಎಲ್ಲ ತನಗೂ ಬಲಗೈಯೇ, ನೂಲು ಮಾತ್ರ ದಾದಿಯಿಂದ ಕಲಿತದ್ದರಿಂದ ಎಡಕ್ಕೆ ಹೋಗುತ್ತದೆ ಎಂದಳು. ಹೇಳುತ್ತ ಹೇಳುತ್ತ ಬೆರಳು ನಿಂತಿತು. ನೂಲು ಮಾತ್ರವೋ? ಶುಕ್ರವಾರ ಮಧ್ಯಾಹ್ನ, ದವಡೆ ಮುರಿದು ಬಂದಿದ್ದ ಮಾಳಪ್ಪನ ಬಾಯಿ ಕಟ್ಟಿದವಳು ಇವಳೇ. ಮೇಲಿನ ಹಲ್ಲುಸಾಲಿಗೊಂದು, ಕೆಳಗಿನ ಹಲ್ಲುಸಾಲಿಗೊಂದು ಲೋಹದ ಪಟ್ಟಿ ಬಿಗಿದು, ಎರಡೂ ಪಟ್ಟಿಗಳನ್ನು ಬಲಕ್ಕೆ ಮೂರು, ಎಡಕ್ಕೆ ಮೂರು ತಂತಿಗಳಿಂದ ಹೊಸೆದು ಕಟ್ಟಿದರೆ, ಮುರಿದ ದವಡೆ ಅಲುಗಾಡದೆ ನಾಲ್ಕು ವಾರದಲ್ಲಿ ಕೂಡಿಕೊಳ್ಳುತ್ತದೆ. ಹಲ್ಲು-ದವಡೆಯ ಈ ವಿಭಾಗಕ್ಕೆ ಪಿಜಿ ಓದಲು ಸೇರಿದ ಮೊದಲ ದಿನ ಮುಖ್ಯಸ್ಥೆ ಜಯಶ್ರೀ ಮೇಡಂ ಹೇಳಿಕೊಟ್ಟದ್ದು ದೊಡ್ಡ ವಿದ್ಯೆಯೇನಲ್ಲ, ಒಂದೇ ಮಾತು: ತಂತಿ ಯಾವಾಗಲೂ ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುವಬೇಕು. ಯಾಕೆಂದರೆ ಇವತ್ತು ನೀವು ಕಟ್ಟಿದ್ದನ್ನು ಮುಂದಿನ ವಾರ ಇನ್ನೊಬ್ಬರು ಬಿಗಿ ಮಾಡುತ್ತಾರೆ, ಅವರು ನಿಮ್ಮನ್ನು ನೋಡಿರುವುದೇ ಇಲ್ಲ, ನಿಮ್ಮ ಕೈಯನ್ನು ನಂಬಿ ಬಲಕ್ಕೆ ತಿರುವುತ್ತಾರೆ. ಎಡಕ್ಕೆ ಹೊಸೆದ ತಂತಿಯನ್ನು ಬಲಕ್ಕೆ ತಿರುವಿದರೆ ಬಿಗಿಯಾಗುವುದಿಲ್ಲ, ಬಿಚ್ಚಿಕೊಳ್ಳುತ್ತದೆ. ಹದಿನಾಲ್ಕು ತಿಂಗಳಿಂದ ಪ್ಲಾಸ್ಟರಿನ ದವಡೆಗಳ ಮೇಲೆ, ಆಮೇಲೆ ನಿಜವಾದ ಬಾಯಿಗಳ ಒಳಗೆ, ಫರಹಾನಾ ಬಲಕ್ಕೇ ತಿರುವಿದ್ದಳು. ಶುಕ್ರವಾರವೂ ಮಾಳಪ್ಪನ ಬಲಭಾಗ ಕಟ್ಟುವಾಗ ಮೂರನೇ ವರ್ಷದ ಸಿದ್ದಾರ್ಥ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ, ಪ್ರತಿ ಸುತ್ತನ್ನೂ ಅವಳು ಮನಸ್ಸಿನಲ್ಲಿ ಎಣಿಸಿ ತಿರುವಿದ್ದಳು. ಆಮೇಲೆ ಅವನಿಗೆ ಫೋನು ಬಂತು. ಅವನು ಹೊರಗೆ ಹೋದ. ಎಡಭಾಗವನ್ನು ಅವಳೊಬ್ಬಳೇ ಕಟ್ಟಿದಳು, ಯಾರೂ ನೋಡದೆ, ಬೆನ್ನ ಬಿಗಿ ಸಡಿಲಿ, ಗಂಟಲಲ್ಲೇ ಏನನ್ನೋ ಗುನುಗುತ್ತ. ಅಷ್ಟು ಸುಖವಾಗಿ ಅವಳ ಕೈ ಆ ಕೋಣೆಯಲ್ಲಿ ಎಂದೂ ಓಡಿರಲಿಲ್ಲ. ಹೆದರಿ ಮಾಡಿದ್ದು ಸರಿಯಾಗಿದೆ, ಸುಖದಿಂದ ಮಾಡಿದ್ದು ಯಾವ ಕಡೆ ತಿರುಗಿತೋ ನೆನಪೇ ಇಲ್ಲ. ಗೊಂಡೆಯ ಎಳೆ ಬೆರಳಲ್ಲೇ ಹಿಡಿದು ಅವಳು ಕಣ್ಣು ಮುಚ್ಚಿ ಇಕ್ಕಳವನ್ನು ನೆನೆಸಿಕೊಂಡಳು, ಮಣಿಕಟ್ಟನ್ನು ಗಾಳಿಯಲ್ಲಿ ತಿರುವಿ ನೋಡಿದಳು. ಮಣಿಕಟ್ಟು ಯಾವ ಕಡೆ ಬೇಕಾದರೂ ತಿರುಗುತ್ತಿತ್ತು. ಬಾನುಬಿ ಅದನ್ನು ನೋಡಿ, ಕೈ ಹಿಡಕೊಂಡಿತೇನೋ ಅಂದುಕೊಂಡು, ಉಳಿದ ಗೊಂಡೆ ತಾನೇ ಹಾಕುತ್ತೇನೆಂದು ಸೀರೆಯನ್ನು ಮೆಲ್ಲನೆ ತನ್ನ ಕಡೆ ಎಳೆದುಕೊಂಡಳು.

ಮಾಳಪ್ಪ ಶನಿವಾರ ಬೆಳಿಗ್ಗೆಯೇ ಊರಿಗೆ ಹೋಗಿಯಾಗಿತ್ತು. ಕುಳಗೇರಿ ಕ್ರಾಸಿನ ಒಳಗೊಂದು ಹಳ್ಳಿ, ಕುರಿ ದಲ್ಲಾಳಿಯ ಕೆಲಸ. ಸಂತೆಯಲ್ಲಿ ವಯಸ್ಸು ಗೊತ್ತುಮಾಡಲು ಟಗರಿನ ಹಲ್ಲು ನೋಡುತ್ತ ಬಗ್ಗಿದ್ದಾಗ ಟಗರು ತಲೆ ಎತ್ತಿತ್ತು, ಅಷ್ಟೇ ನಡೆದದ್ದು. ವಾರಕ್ಕೊಮ್ಮೆ ತಂತಿ ಬಿಗಿ ಮಾಡಿಸಲು ಬಾಗಲಕೋಟೆಯವರೆಗೆ ಯಾಕೆ ತಿರುಗಾಡಬೇಕೆಂದು ಮೇಡಮ್ಮೇ ಚೀಟಿ ಬರೆದುಕೊಟ್ಟಿದ್ದರು: ಕೆರೂರಿನ ಡಾಕ್ಟರ್ ರಾಧಿಕಾ, ಇದೇ ವಿಭಾಗದಲ್ಲಿ ಓದಿ ಹೋದವಳು, ಸೋಮವಾರ ನೋಡುತ್ತಾಳೆ. ಸೋಮವಾರವೆಂದರೆ ನಾಳೆ. ರಾಧಿಕಾ ಇಕ್ಕಳ ಹಿಡಿದು, ಕಣ್ಣು ಮುಚ್ಚಿ ಅನ್ನುವಷ್ಟು ನಂಬಿಕೆಯಿಂದ, ಬಲಕ್ಕೆ ತಿರುವುತ್ತಾಳೆ. ಎಡದ ತಂತಿ ಸಡಿಲಾಗುತ್ತದೆ. ಅವಳಿಗೆ ತಿಳಿಯಲೂಬಹುದು, ತಿಳಿಯದೆಯೂ ಇರಬಹುದು. ತಿಳಿಯದಿದ್ದರೆ ಮಾಳಪ್ಪನ ದವಡೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಬದುಕಿರುವವರೆಗೆ ಅವನ ಮೇಲು ಹಲ್ಲಿಗೂ ಕೆಳ ಹಲ್ಲಿಗೂ ಜೊತೆಯಾಗುವುದಿಲ್ಲ. ಫರಹಾನಾ ಕೋಣೆಗೆ ಹೋಗಿ ಮೊಬೈಲಿನಲ್ಲಿ ಶುಕ್ರವಾರ ತೆಗೆದ ಫೋಟೋ ಹುಡುಕಿದಳು. ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ತುಟಿ ತುಟಿಯಾಗಿ ಉಳಿಯಲಿಲ್ಲ, ತಂತಿ ತಂತಿಯಾಗಿ ಉಳಿಯಲಿಲ್ಲ, ಕೊನೆಗೆ ಬೂದು ಚೌಕಗಳಷ್ಟೇ ಕಂಡವು. ಒಂದು ಫೋನು ಮಾಡಿದರೆ ಮುಗಿಯುವ ಮಾತು ಇದು. ಆದರೆ ರಾಧಿಕಾಗೆ ಹೇಳಿದರೆ ಮೇಡಂಗೆ ಹೇಳಿದ ಹಾಗೆಯೇ, ಮತ್ತು ಮೇಡಂಗೆ ಹೇಳುವುದು ಹೇಗೆ? ಜಯಶ್ರೀ ಮೇಡಂ ಧ್ವನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ತಪ್ಪಾದರೆ ಅವರು “ಇರಲಿ” ಎಂದು, ನಿಮ್ಮ ಕೈಯಲ್ಲಿದ್ದ ಉಪಕರಣವನ್ನು ಹೂವು ಬಿಡಿಸಿದ ಹಾಗೆ ಬಿಡಿಸಿಕೊಂಡು ಪಕ್ಕದವರ ಕೈಗೆ ಕೊಡುತ್ತಾರೆ. ಸೇರಿದ ಮೂರನೇ ತಿಂಗಳಲ್ಲಿ ಫರಹಾನಾ ಹಿಡಿದಿದ್ದ ಎಳ್ಳಿನಷ್ಟು ಸಣ್ಣ ತಿರುಪು ಕೈಜಾರಿ, ಇಡೀ ಆಪರೇಷನ್ ಥಿಯೇಟರಿನ ಮಂದಿ ಮೊಣಕಾಲೂರಿ ನೆಲ ಹುಡುಕಿದ್ದರು. ಸಿಕ್ಕಿದ್ದು ಮೇಡಮ್ಮಿನ ಚಪ್ಪಲಿಯ ಸಂದಿಯಲ್ಲಿ. ಆವತ್ತು ಅವಳ ಕೈಯಿಂದ ಹೋದ ಸ್ಕ್ರೂಡ್ರೈವರು ಹಿಂದಕ್ಕೆ ಬರಲು ಐದು ತಿಂಗಳು ಹಿಡಿದಿತ್ತು, ಅಲ್ಲಿಯವರೆಗೆ ಬಾಯೊಳಗಿನ ಜೊಲ್ಲು ರಕ್ತ ಹೀರುವ ಕೊಳವೆ ಹಿಡಿದು ನಿಂತದ್ದೇ ಬಂತು. ಸಿದ್ದಾರ್ಥ ಆಗಿನಿಂದ ಅವಳನ್ನು ಮಗ್ಗದ ಮೇಡಂ ಎಂದು ಕರೆಯುತ್ತಾನೆ, ಕರೆದು, ಪಾಪ ಅನ್ನಿಸಿ ತನ್ನ ಟಿಪ್ಪಣಿಯ ಪುಸ್ತಕವನ್ನೂ ಕೊಡುತ್ತಾನೆ. ನಾಳೆ ಹುನಗುಂದದ ಹುಡುಗಿಯೊಬ್ಬಳ ಆಪರೇಷನ್ನು. ನಾಲ್ಕು ವರ್ಷದಿಂದ ಬಾಯಿ ಒಂದು ಬೆರಳಿನಷ್ಟೂ ತೆರೆಯದ ಹುಡುಗಿ, ಕಿವಿಯ ಮುಂದಿನ ಕೀಲು ಕಲ್ಲಿನ ಹಾಗೆ ಅಂಟಿದೆ. ಅದಕ್ಕೆ ಮೇಡಂ ಎದುರಿಗೆ ಮೊದಲ ಸಹಾಯಕಳಾಗಿ ನಿಲ್ಲುವ ಸರದಿ ಫರಹಾನಾಳದು. ಇಳಕಲ್ಲಿಗೆ ಫೋನು ಮಾಡಿ ಹೇಳಿಯೂ ಆಗಿತ್ತು. ತಾಯಿ ಜುಲೇಖಾ ಓಣಿಗೆಲ್ಲ ಹೇಳಿದ್ದಳು, ಅರ್ಥವಾಗದ್ದನ್ನೂ ಸೇರಿಸಿ.

ಹಾಗಾಗಿ ಅವಳು ಹೇಳಲಿಲ್ಲ. ವಿಭಾಗದ ಬೀಗದ ಕೈ ವಾರದ ಪಾಳಿಯವರ ಬಳಿ ಇರುತ್ತದೆ, ಈ ವಾರ ಅದು ಅವಳ ಬಳಿಯೇ ಇತ್ತು. ಕಪಾಟು ತೆರೆದು ಒಂದು ಇಕ್ಕಳ, ಕನ್ನಡಿ, ಒಂದು ಮಾರು ತಂತಿ ತೆಗೆದು, ಕುದಿಸಿ ಒಣಗಿಸಿದ ಹಸಿರು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟಳು. ಹೋಗುವುದು, ನೋಡುವುದು, ಎಡಕ್ಕಿದ್ದರೆ ಮೂರೇ ಮೂರು ತಂತಿ ಬಿಚ್ಚಿ ಬಲಕ್ಕೆ ಹೊಸೆಯುವುದು, ಬರುವುದು. ಮಾಳಪ್ಪನ ಹೆಂಡತಿ ಸಕ್ರವ್ವನಿಗೆ ಫೋನು ಮಾಡಿ, ಹೆಂಗದಾರ ಎಂದು ಕೇಳಿದಳು. ಭಾಳ ಆರಾಮ ಅದಾರ, ಮೂವತ್ತು ವರ್ಷದಾಗ ಮನಿ ಇಷ್ಟ ತಣ್ಣಗ ಇದ್ದಿದ್ದಿಲ್ಲ ಎಂದಳು ಸಕ್ರವ್ವ. ತಾನು ಬಾದಾಮಿಗೆ ಹೊರಟಿದ್ದೇನೆ, ದಾರಿಯಲ್ಲಿ ಇಳಿದು ನೋಡಿ ಹೋಗುತ್ತೇನೆ ಎಂದು ಫರಹಾನಾ ಹೇಳಿದಳು. ಬಾದಾಮಿಯಲ್ಲಿ ಅವಳಿಗೆ ಯಾರೂ ಇರಲಿಲ್ಲ. ಎಷ್ಟು ಸಲೀಸಾಗಿ ಬಂತು ಸುಳ್ಳು, ಎಡಕ್ಕೆ ತಿರುಗಿದ ಹಾಗೆ, ಎಂದುಕೊಳ್ಳುತ್ತ ಅವಳು ಹುಬ್ಬಳ್ಳಿಯ ಬಸ್ಸು ಹತ್ತಿದಳು. ಗದ್ದನಕೇರಿ ದಾಟುವವರೆಗೂ ನಿಂತಿದ್ದವಳಿಗೆ ಒಬ್ಬ ಹೆಂಗಸು ಸರಿದು ಅರ್ಧ ಸೀಟು ಕೊಟ್ಟಳು, ಕೊಟ್ಟು, ಅದರ ಬಾಡಿಗೆ ಎಂಬಂತೆ ನಿದ್ದೆ ಹೋದ ಕೂಸಿನ ತಲೆಯನ್ನು ಅವಳ ತೊಡೆಯ ಮೇಲಿಟ್ಟಳು. ಕೂಸಿನ ಬಾಯಿ ತೆರೆದಿತ್ತು, ಕೆಳಗೆ ಎರಡೇ ಹಲ್ಲು, ಅಕ್ಕಿಕಾಳಿನ ಹಾಗೆ. ಫರಹಾನಾಳ ಮನಸ್ಸು ತಾನಾಗಿ ಆ ದವಡೆಯ ಕೋನ ಅಳೆಯಿತು. ಎರಡು ವರ್ಷದ ಹಿಂದೆ ಮನುಷ್ಯರ ಮುಖ ನೋಡಿದರೆ ಮುಖ ಕಾಣುತ್ತಿತ್ತು, ಈಗ ಚರ್ಮದ ಹಿಂದಿನ ಎಲುಬು ಮೊದಲು ಕಾಣುತ್ತದೆ, ಅದರ ಮೇಲೆ ನಗು ಇದ್ದರೆ ಆಮೇಲೆ ಕಾಣುತ್ತದೆ. ದಾದಿ ಸೀರೆ ನೋಡಿದರೂ ಹಾಗೇ, ಬಣ್ಣ ನೋಡುತ್ತಿರಲಿಲ್ಲ, ಮಗುಚಿ ಹಿಂಬದಿ ನೋಡುತ್ತಿದ್ದಳು. ಚೀಲದೊಳಗಿನ ಇಕ್ಕಳ ಪಕ್ಕೆಗೆ ಒತ್ತುತ್ತಿತ್ತು. ಕದ್ದದ್ದಲ್ಲ, ತಂದದ್ದು. ಕೇಳದೆ ತಂದದ್ದು. ಕೆರೂರು ಬಂತು, ಬಸ್ಸಿನ ಕಿಟಕಿಯಿಂದ ರಾಧಿಕಾಳ ಬೋರ್ಡು ಕಂಡಿತು, ಅದರ ಮೇಲೆ ದೊಡ್ಡದೊಂದು ನಗುವ ಹಲ್ಲಿನ ಚಿತ್ರ. ಫರಹಾನಾ ಮುಖ ಈಚೆ ತಿರುಗಿಸಿದಳು. ಹಲ್ಲಿಗೆ ಹೆದರಿ ಮುಖ ತಿರುಗಿಸಿದ ಹಲ್ಲಿನ ಡಾಕ್ಟರು ಎಂದು ತಕ್ಷಣ ಹೊಳೆದು, ಎಲ್ಲ ಭಯದ ನಡುವೆಯೂ ಅವಳಿಗೆ ನಗು ಬಂತು. ಪಕ್ಕದ ಹೆಂಗಸು, ಯಾಕೆಂದು ಕೇಳದೆ, ತಾನೂ ನಕ್ಕಳು.

ಕ್ರಾಸಿನಲ್ಲಿ ಇಳಿದು ಆಟೋ ಹಿಡಿದು ಹೋದಾಗ ಮಧ್ಯಾಹ್ನ ಒಂದು ದಾಟಿತ್ತು. ಮಾಳಪ್ಪ ಅಂಗಳದ ಬೇವಿನ ಕೆಳಗೆ ಇಬ್ಬರು ಗಿರಾಕಿಗಳ ನಡುವೆ ಕೂತು ವ್ಯಾಪಾರ ಮಾಡುತ್ತಿದ್ದ. ಫರಹಾನಾಳಿಗೆ ಆಶ್ಚರ್ಯವಾಯಿತು, ಬಾಯಿ ಕಟ್ಟಿಸಿಕೊಂಡ ದಲ್ಲಾಳಿ ಎಂಥ ವ್ಯಾಪಾರ ಮಾಡಿಯಾನು? ಆದರೆ ಕುರಿಯ ದರ ಬಾಯಲ್ಲಿ ಆಡುವುದಲ್ಲ. ಟವೆಲ್ಲಿನ ಕೆಳಗೆ ಕೈ ಕೈ ಹಿಡಿದು ಬೆರಳಲ್ಲಿ ಆಡುವುದು, ಸುತ್ತ ನಿಂತವರಿಗೆ ತಿಳಿಯಬಾರದೆಂದು. ಟವೆಲ್ಲು ಅಲುಗಾಡಿತು, ಒಬ್ಬ ತಲೆ ಕೊಡವಿದ, ಮತ್ತೆ ಅಲುಗಾಡಿತು, ಒಪ್ಪಿಗೆಯಾಯಿತು. ಗಿರಾಕಿಗಳು ಹೋದ ಮೇಲೆ ಮಾಳಪ್ಪ ಎದ್ದು ನಿಂತು ಕೈಮುಗಿದ. ವಾಂತಿ ಗೀಂತಿ ಬಂದರೆ ತಂತಿ ಕತ್ತರಿಸಲೆಂದು ಕೊಟ್ಟಿದ್ದ ಪುಟ್ಟ ಕಟರು ಕರಿದಾರದಲ್ಲಿ ಅವನ ಕೊರಳಲ್ಲಿ ತೂಗುತ್ತಿತ್ತು, ಹೇಳಿದ ಹಾಗೆಯೇ. ಹೇಳಿದ್ದನ್ನೆಲ್ಲ ನಂಬಿ ನಡೆಯುವ ಮನುಷ್ಯ. ಸಕ್ರವ್ವ ಪಕ್ಕದ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ರೊಟ್ಟಿ ಬಡಿಯುವುದು, ಪಲ್ಯ ಮಾಡುವುದು, ಉಣ್ಣುವುದು ಎಲ್ಲ ಎರಡು ದಿನದಿಂದ ನೆಗೆಣ್ಣಿಯ ಮನೆಯಲ್ಲೇ ಅಂತೆ. ಗಂಜಿ ಹೀರುವವನ ಎದುರು ಒಗ್ಗರಣೆಯ ವಾಸನೆ ಬರಬಾರದೆಂದು ಮನೆಯ ಮಂದಿಯೆಲ್ಲ ಅತ್ತ ಕದ್ದು ಉಣ್ಣುತ್ತಿದ್ದಾರೆ, ಅವರಿಗೆ ಗೊತ್ತಿಲ್ಲ ಎಂದು ಅವಳು ಪಿಸುಗುಟ್ಟಿದಳು. ಗಂಡನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಪಿಸುಗುಟ್ಟಿದಳು. ಮಾಳಪ್ಪ ಬೇವಿನ ಮರ ನೋಡಿದ.

ಫರಹಾನಾ ಕೈ ತೊಳೆದು ಬಂದು, ಒಮ್ಮೆ ಬಾಯಿ ನೋಡುತ್ತೇನೆ ಎಂದಳು. ಅವನು ಕಟ್ಟೆಯ ಮೇಲೆ ಕೂತು ಮುಖ ಬಿಸಿಲಿಗೆ ಎತ್ತಿದ. ಕಟ್ಟಿದ ಹಲ್ಲುಗಳ ಹಿಂದಿನಿಂದ ಮಾತು ಹಿಟ್ಟು ಜರಡಿ ಹಿಡಿದ ಹಾಗೆ ಬರುತ್ತಿತ್ತು, ಶುಕ್ರವಾರ ಸಂಜೆಯೆಲ್ಲ ವಾರ್ಡಿನಲ್ಲಿ ಕೇಳಿದ್ದ ಅವಳಿಗೆ ತಿಳಿಯುತ್ತಿತ್ತು. “ನಲವತ್ತ ವರ್ಷ ಕುರಿ ಬಾಯಿ ತಗದ ನೋಡೇನ್ರಿ. ಈಗ ನನ್ನ ಪಾಳಿ ಬಂದೈತಿ. ನೋಡಿ ಹೇಳ್ರಿ, ನಾ ಎಷ್ಟ ಹಲ್ಲಿನ ಕುರಿ?” ಸಕ್ರವ್ವ, ಹಲ್ಲ ಉದುರಿದ ಮುದಿಟಗರಂತ ಬರ್ಕೊಳ್ರಿ ಎಂದಳು. ಫರಹಾನಾ ನಗುತ್ತ ಅವನ ಎಡಗಲ್ಲವನ್ನು ಬೆರಳಿನಿಂದ ಸರಿಸಿದಳು. ಕನ್ನಡಿ ಬೇಕಾಗಲಿಲ್ಲ. ನೇಕಾರರ ಮನೆಯವಳಿಗೆ ಹುರಿಯ ಓರೆ ಒಂದೇ ನೋಟಕ್ಕೆ ಕಾಣುತ್ತದೆ. ಬಲದ ಮೂರು ಬಲಹುರಿ. ಎಡದ ಮೂರು ಎಡಹುರಿ, ಮೂರೂ, ಒಂದೇ ಸಮನೆ, ಅಂದವಾಗಿ, ದಾದಿ ನೋಡಿದ್ದರೆ ಸೈ ಅನ್ನುವ ಹಾಗೆ. ಕೈ ತಾನಾಗಿ ಚೀಲಕ್ಕೆ ಹೋಗಿ ಹಸಿರು ಬಟ್ಟೆ ಬಿಚ್ಚಿತು, ಇಕ್ಕಳ ಹೊರಗೆ ಬಂತು. ಮೊದಲ ತಂತಿಯ ತುದಿಗೆ ಇಕ್ಕಳದ ಮೂತಿ ತಾಗಿತು. ಐದು ನಿಮಿಷದ ಕೆಲಸ. ಮಾಳಪ್ಪ ಏನೆಂದು ಕೇಳಲೂ ಇಲ್ಲ, ಇನ್ನಷ್ಟು ಬೆಳಕು ಬೀಳಲೆಂದು ಮುಖವನ್ನು ತಾನೇ ಓರೆ ಮಾಡಿಕೊಟ್ಟ. ಸಕ್ರವ್ವ ಅವಳ ತಲೆಗೆ ಬಿಸಿಲು ಬಡಿಯದ ಹಾಗೆ ಸೆರಗು ಹಿಡಿದು ನಿಂತಳು. ಒಮ್ಮೆ ಹೊಸೆದ ತಂತಿಯನ್ನು ಬಿಚ್ಚಿ ಮತ್ತೆ ಹೊಸೆದರೆ ಅದು ಬಳಲುತ್ತದೆ, ಬಳಲಿದ ತಂತಿ ಎಂದು ಮುರಿಯುತ್ತದೋ ಹೇಳಲಾಗದು. ಇದನ್ನೂ ಮೇಡಮ್ಮೇ ಕಲಿಸಿದ್ದು. ಹೊಸ ತಂತಿ ಹಾಕಬಹುದು, ಹಾಕುವಾಗ ದವಡೆ ಅಲುಗಾಡಿದರೆ ಇಲ್ಲಿ ಹಿಡಿಯುವವರು ಯಾರು? ಅಂಗಳದಲ್ಲಿ, ಬಿಸಿಲಿನಲ್ಲಿ, ಕುರಿಗಳ ಎದುರಿಗೆ. ಇಕ್ಕಳದ ಮೂತಿ ಹಲ್ಲಿಗೆ ತಾಗಿ ಟಿಕ್ ಎಂದಿತು. ಅವಳು ಕೈ ಹಿಂದಕ್ಕೆ ತೆಗೆದಳು. ಮಾತಿಗೆ ಮಾತು ಸೇರಿಸಬೇಕಲ್ಲ ಎಂದು, ಟವೆಲ್ಲಿನ ಕೆಳಗೆ ದರ ಯಾಕೆ ಮುಚ್ಚುತ್ತೀರಿ ಎಂದು ಕೇಳಿದಳು.

“ದರಾ ಅವರವರದ ಗುಟ್ಟರಿ, ಟವೆಲ್ ಬುಡಕ ಇರಲಿ,” ಎಂದ ಮಾಳಪ್ಪ. “ಹಲ್ಲ ಮಾತ್ರ ಬಯಲಾಗ ತೋರಿಸ್ಬೇಕ. ಹಲ್ಲಿನ ಸುಳ್ಳ ಹೇಳಿದ ದಲ್ಲಾಳಿ ಹೊಳ್ಳಿ ಸಂತಿಗಿ ಬರೂದಿಲ್ಲ.”

ಅವನು ಅದನ್ನು ಅವಳಿಗೆಂದು ಹೇಳಿರಲಿಲ್ಲ. ಹೇಳಿ, ಜೊಲ್ಲು ಒರೆಸಿಕೊಂಡು, ಮತ್ತೆ ಮುಖ ಎತ್ತಿ ಕೂತ. ಫರಹಾನಾ ಇಕ್ಕಳವನ್ನು ಹಸಿರು ಬಟ್ಟೆಯ ಮೇಲಿಟ್ಟಳು. ತಾನು ಬಾದಾಮಿಗೆ ಹೋಗುವವಳಲ್ಲ ಎಂದು ಶುರು ಮಾಡಿದಳು, ಅಲ್ಲಿಂದ ಶುರು ಮಾಡುವ ಅಗತ್ಯ ಇರಲಿಲ್ಲವಾದರೂ. “ನನ್ನಿಂದ ಒಂದು ತಪ್ಪಾಗೈತ್ರಿ ಕಾಕಾ. ಎಡಕಿನ ಮೂರೂ ತಂತಿ ಹೊಳ್ಳಿ ತಿರುವೇನಿ. ನಾಳೆ ಕೆರೂರಾಗ ಬಿಗಿ ಮಾಡಾಕ ಹೋದ್ರ ಸಡ್ಲ ಆಗತಾವು.” ಸಕ್ರವ್ವ ಸೆರಗು ಹಿಡಿದೇ ನಿಂತಿದ್ದಳು, ಬಿಡಲಿಲ್ಲ. ಮಾಳಪ್ಪ ನಾಲಿಗೆಯಿಂದ ಒಳಗೊಳಗೇ ಎಡಗಲ್ಲ ಸವರಿ ನೋಡಿಕೊಂಡ. ಈಗ ಗಟ್ಟಿ ಅದಾವಲ್ಲ ಎಂದು ಕೇಳಿದ. ಅದಾವ ಎಂದಳು. ಹಂಗಾರ ಬಿಗಿ ಮಾಡಾವ್ರಿಗೆ ಮೊದಲ ಹೇಳಿದ್ರಾತಲ್ಲ ಎಂದ. ಗೊಂಡೆ ಹೊಸೆಯುವಾಗಿನಿಂದ ಇಲ್ಲಿಯವರೆಗೆ ಅವಳು ಹೊತ್ತು ತಂದದ್ದು ಇಷ್ಟೇ ಆಗಿತ್ತು.

ಇಷ್ಟೇ ಆಗಿದ್ದನ್ನು ಮೇಡಂಗೆ ಹೇಳಲು ಅವಳು ಕುರಿಗಳ ದೊಡ್ಡಿಯವರೆಗೆ ನಡೆದು ಹೋದಳು. ಫೋನಿನ ಆ ಕಡೆ ಕುಕ್ಕರಿನ ಸೀಟಿ, ಈ ಕಡೆ ಒಂದು ಮರಿ ಅವಳ ದುಪಟ್ಟಾ ಬಾಯಿಗೆ ಹಾಕಿಕೊಂಡು ಎಳೆಯುತ್ತಿತ್ತು. ದಾದಿ, ನೂಲು, ಸಿದ್ದಾರ್ಥನ ಫೋನು, ಎಲ್ಲವನ್ನೂ ಹೇಳಿದಳು, ಮಧ್ಯೆ ಎಲ್ಲೂ ಉಸಿರು ಬಿಡಲಿಲ್ಲ. “ಇರಲಿ” ಎನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ಅವಳು ಕಾದಳು.

“ಇಕ್ಕಳ ಒಯ್ದೀಯೇನು?” ಎಂದರು ಮೇಡಂ.

“ಹೂಂ ರೀ ಮೇಡಂ. ಕೇಳಲಾರದ ತಂದೇನ್ರಿ.”

“ಮುಟ್ಟಿಯೇನು?”

“ತುದಿಗೆ ಹಚ್ಚೇನ್ರಿ. ತಿರುವಿಲ್ರಿ.”

ಕುಕ್ಕರು ಇನ್ನೊಂದು ಸೀಟಿ ಹೊಡೆಯಿತು. ಮೇಡಂ ಅದನ್ನು ಆರಿಸಿ ಬಂದ ಹಾಗಿತ್ತು. “ಮುಟ್ಟಬ್ಯಾಡ. ಅವರ ಕಾರ್ಡಿನ ಮ್ಯಾಲೆ ದೊಡ್ಡ ಅಕ್ಷರದಾಗ ಬರಿ, ಎಡಕ್ಕ ಉಲ್ಟಾ ಅಂತ. ರಾಧಿಕಾಗ ನೀನ ಹೇಳು, ನಾ ಹೇಳೂದಿಲ್ಲ. ಬೈಯೂದು ನಾಳೆ ಬೈತೇನಿ, ಏಳಕ್ಕ ಬಾ. ಬೈಸ್ಕೊಂಡು ಕೈ ತೊಳಕೊಂಡು ಥಿಯೇಟರಿಗೆ ಬಂದು ನನ್ನ ಎದುರಿಗೆ ನಿಂದ್ರು.” ಸಿದ್ದಾರ್ಥನಿಗೂ ಏಳಕ್ಕೇ ಬರಲು ಹೇಳುತ್ತೇನೆ, ಕೇಸು ಬಿಟ್ಟು ಫೋನಿಗೆ ಹೋಗುವವರಿಗೂ ಸ್ವಲ್ಪ ಬೈಗುಳ ಉಳಿಸಿದ್ದೇನೆ ಎಂದು ಸೇರಿಸಿದರು.

ರಾಧಿಕಾ ಮಾತ್ರ ಪೂರ್ತಿ ಕೇಳದೆಯೇ ನಗಲು ಶುರುಮಾಡಿದಳು. ತಾನು ಪಿಜಿ ಮಾಡುವಾಗ ಇದಕ್ಕಿಂತ ಚಂದದ್ದೊಂದು ಮಾಡಿದ್ದಳಂತೆ, ಫೋನಿನಲ್ಲಿ ಹೇಳುವಂಥದ್ದಲ್ಲವಂತೆ. ಫರಹಾನಾ ತಿರುಗಿ ಬಂದು ಕಟ್ಟೆಯ ಮೇಲೆ ಕಾರ್ಡು ಬಿಡಿಸಿ, ಬಲಗೈಯಿಂದ, ಪ್ರತಿ ಅಕ್ಷರವನ್ನೂ ಎರಡೆರಡು ಸಲ ತಿದ್ದಿ ಬರೆದಳು: ಎಡಭಾಗದ ಮೂರು ತಂತಿ ಎಡಕ್ಕೆ ಹೊಸೆದಿದೆ, ಎಡಕ್ಕೇ ಬಿಗಿ ಮಾಡಬೇಕು. ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ಬರೆದು ನೋಡಿದಾಗ, ಹದಿನಾಲ್ಕು ತಿಂಗಳಲ್ಲಿ ತಾನು ಬರೆದ ಸಾವಿರ ಕಾರ್ಡುಗಳಲ್ಲಿ ಇದೊಂದು ಮಾತ್ರ ನಿಜವಾಗಿ ತನ್ನ ಕೈ ಬರೆದದ್ದು ಎನಿಸಿತು. ಮಾಳಪ್ಪ ಅದನ್ನು ಇಸಿದುಕೊಂಡು, ಓದಲು ಬಾರದಿದ್ದರೂ, ಮೇಲಿಂದ ಕೆಳಗಿನವರೆಗೆ ನೋಡಿ ಅಂಗಿಯ ಒಳಜೇಬಿಗೆ ಇಟ್ಟ. ಸಕ್ರವ್ವ ಚಾ ಮಾಡುತ್ತೇನೆಂದು ಒಳಗೆ ಹೋದಳು. ಬಿಸಿಲು ಇಳಿಯತೊಡಗಿತ್ತು. ಕ್ರಾಸಿಗೆ ಮೂರು ಗಂಟೆಗೊಂದು ಬಸ್ಸಿದೆಯೆಂದು ಯಾರೋ ಹೇಳಿದರು. ಅವಳು ಇಕ್ಕಳ ಸುತ್ತಿ ಚೀಲಕ್ಕಿಡುವಷ್ಟರಲ್ಲಿ ಮಾಳಪ್ಪ ಎದ್ದು, ಯಾರಿಗೂ ಏನೂ ಹೇಳದೆ, ನಡುವಿನ ಗೋಡೆಯ ಸಣ್ಣ ಬಾಗಿಲು ದಾಟಿ ನೆಗೆಣ್ಣಿಯ ಮನೆಯ ಕಡೆ ಹೋದ. ಅಲ್ಲಿ ಪಾತ್ರೆ ಸದ್ದಾಯಿತು, ಯಾರೋ ಗಾಬರಿಯಿಂದ ಏನೋ ಮುಚ್ಚಿದರು, ಆಮೇಲೆ ನಗು. ಅವನು ಎರಡೂ ಕೈಯಲ್ಲಿ ತಾಟು ಹಿಡಿದು ಬಂದ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗಟ್ಟಿ ಮೊಸರು, ಶೇಂಗಾ ಹಿಂಡಿ. ವಾಸನೆ ಅಂಗಳದ ತುಂಬ ಬಂತು. ಅವನು ಅದನ್ನು ಕಟ್ಟಿದ ಹಲ್ಲಿನ ಮೇಲಿನ ಮೂಗಿನಿಂದ ಒಮ್ಮೆ ದೀರ್ಘವಾಗಿ ಎಳೆದುಕೊಂಡು, ತಾಟನ್ನು ಫರಹಾನಾಳ ಕೈಗೆ ಕೊಟ್ಟ.